ಕಹಳೆಯಕ್ಕ ಗಾಳಿಮಳೆಯಲ್ಲಿ ಊರು ತೋರಿಸಿದ್ದು

ಪ್ರವಾಸದ ಹಡಗಿನಿಂದ ಇಳಿದವರಿಗೆ ಊರು ತೋರಿಸುವ ಗೈಡುಗಳಲ್ಲಿ ಎರಡು ಬಗೆ. ಕೈಯಲ್ಲಿ ಪುಟ್ಟ ಬಾವುಟ ಎತ್ತಿಕೊಂಡು ಮುಂದೆ ಮುಂದೆ ಹೋಗುತ್ತ, ಬಂದವರಿಗೆ ಊರಿಗಿಂತ ಹೆಚ್ಚಾಗಿ ತಮ್ಮ ಬೆನ್ನನ್ನೇ ತೋರಿಸುವವರು ಒಂದು ಬಗೆ. ಜನರ ಕಡೆ ಮುಖ ಮಾಡಿಕೊಂಡು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಮಾತಾಡುವವರು ಇನ್ನೊಂದು ಬಗೆ. ಕಹಳೆಯಕ್ಕ ಈ ಎರಡನೆಯ ಪಂಗಡದವಳು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಊರಿನ ಬೀದಿಗಳನ್ನು ಅವಳು ಹಿಮ್ಮುಖವಾಗಿಯೇ ನಡೆದಿದ್ದಳು. ಎಲ್ಲಿ ಹಾಸುಗಲ್ಲು ಎದ್ದಿದೆ, ಎಲ್ಲಿ ಚರಂಡಿಯ ಮುಚ್ಚಳ ಅಲುಗಾಡುತ್ತದೆ, ಯಾವ ಅಂಗಡಿಯವನು ತನ್ನ ಬುಟ್ಟಿಗಳನ್ನು ದಾರಿಗೆ ಅಡ್ಡ ಇಡುತ್ತಾನೆ ಎಂಬುದೆಲ್ಲ ಅವಳ ಹಿಮ್ಮಡಿಗೆ ಗೊತ್ತಿತ್ತು.

ಗಂಟಲೂ ಕಹಳೆ ಎಂದು ಊರವರಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆಯೇ. ದೀಪಸ್ತಂಭದ ಬುಡದಲ್ಲಿ ನಿಂತು ಅವಳು ಕತೆ ಶುರು ಮಾಡಿದರೆ, ಬಂದರಿನ ಧಕ್ಕೆಯಲ್ಲಿ ಮೀನು ಹರಾಜು ಕೂಗುವವನು ಓಡಿ ಬಂದು, "ಅಕ್ಕಾ, ಒಂಚೂರು ತಡ್ಕೊಳ್ಳಿ, ನನ್ನ ಗಿರಾಕಿಗಳೆಲ್ಲ ನಿಮ್ಮ ಕತೆ ಕೇಳ್ತಾ ನಿಂತ್ಬಿಟ್ಟಿದ್ದಾರೆ" ಎಂದು ಅಂಗಲಾಚುತ್ತಿದ್ದ. ಇಷ್ಟಿದ್ದೂ ಅವಳು ಪ್ರತಿಯೊಂದು ಕಡೆಯೂ, "ಹಿಂದಿನವರಿಗೆ ಕೇಳಿಸ್ತಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಹಿಂದಿನವರಿಗೇನು ಬಂತು, ಹಿಂದಿನ ಬೀದಿಯವರಿಗೂ ಕೇಳಿಸುತ್ತಿತ್ತು.

ಇಂಥವಳ ಗಂಟಲಲ್ಲಿ ಹಿಂದಿನ ವರ್ಷ ಒಂದು ಗಂಟು ಕಾಣಿಸಿಕೊಂಡಿತು. ಕೆಟ್ಟ ಗಂಟಲ್ಲ ಎಂದು ಡಾಕ್ಟರು ಹೇಳಿದರು, ತೆಗೆದೂ ಹಾಕಿದರು. ಮನೆಯವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಗಂಟಿನ ಜೊತೆ ದನಿಯೂ ಹೋಗಿಬಿಟ್ಟಿತ್ತು. ಉಳಿದದ್ದು ಬರಿಯ ಪಿಸುಮಾತು. ತಿಂಗಳುಗಟ್ಟಲೆ ಕಾದ ಮೇಲೆ, "ಇನ್ನು ಇಷ್ಟೇ ಅಮ್ಮ, ಒಗ್ಗಿಸ್ಕೊಳ್ಳಿ" ಎಂದರು ಡಾಕ್ಟರು, ಹೊಸ ಚಪ್ಪಲಿ ಕಚ್ಚುತ್ತದೆ ಎಂದವರಿಗೆ ಹೇಳುವ ಹಾಗೆ.

ಅವಳ ಗಂಡ ಬಂದರಿನಲ್ಲಿ ಹಗ್ಗದ ಕೆಲಸದವನು. ಬಂದ ಹಡಗುಗಳನ್ನು ಕಟ್ಟುವುದು, ಹೊರಟ ಹಡಗುಗಳನ್ನು ಬಿಚ್ಚುವುದು. ಬಾಯಿ ಬಿಟ್ಟರೆ ತಮಾಷೆ. "ಮದುವೆ ಆದಾಗಿನಿಂದ ಈಗ್ಲೇ ನೋಡು ನಾನು ಒಂದು ಮಾತು ಪೂರ್ತಿ ಆಡಿದ್ದು" ಎಂದು ಅವಳನ್ನು ನಗಿಸಲು ನೋಡಿದ. ಅವಳು ನಕ್ಕಳು ಕೂಡ. ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಪಾತ್ರೆ ತೊಳೆಯುವ ನೆಪದಲ್ಲಿ ಅತ್ತಳು. ಅಳುವುದಕ್ಕೂ ದನಿ ಬೇಕು ಎಂಬುದು ಅವಳಿಗೆ ಗೊತ್ತಾದದ್ದು ಆಗಲೇ.

ಅವಳ ಎದೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ: ಕೆಲಸ. ಪ್ರವಾಸದ ಕಚೇರಿಯ ಮ್ಯಾನೇಜರ್ ಬೇರೆ ಯಾರೂ ಅಲ್ಲ, ತೀರಿಕೊಂಡ ಅವಳ ಅಣ್ಣನ ಮಗ. ಅವಳ ಕೈತುತ್ತು ತಿಂದು ಬೆಳೆದವನು, ಅವಳ ಹಿಂದೆ ಸುತ್ತಿಯೇ ಈ ವೃತ್ತಿ ಕಲಿತವನು. ಒಳ್ಳೆಯ ಹುಡುಗನೇ. ಆದರೆ ಒಳ್ಳೆಯವರು ಮಾಡುವ ಉಪಕಾರ ಒಮ್ಮೊಮ್ಮೆ ಕೆಟ್ಟವರ ಕೇಡಿಗಿಂತ ಹೆಚ್ಚು ನೋಯುತ್ತದೆ. ಅವನು ಅತ್ತೆಗೆಂದು ಟಿಕೆಟ್ ಕೌಂಟರಿನಲ್ಲಿ ಒಂದು ಕುರ್ಚಿ ಸಿದ್ಧ ಮಾಡಿಟ್ಟಿದ್ದ. ಮೆತ್ತನೆಯ ದಿಂಬು, ಕಾಲಿಗೆ ಮಣೆ, ಎದುರಿಗೆ ಗಾಜು. ಆ ಗಾಜನ್ನು ಕಂಡಾಗಲೆಲ್ಲ ಅವಳಿಗೆ ಉಸಿರು ಕಟ್ಟುತ್ತಿತ್ತು.

ಜಪ್ಪಯ್ಯ ಅಂದರೂ ಅವಳು ಒಪ್ಪದಿದ್ದಾಗ ಅವನು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಧ್ವನಿಪೆಟ್ಟಿಗೆ ತಂದುಕೊಟ್ಟ. ಬಾಯಿಯ ಹತ್ತಿರ ಒಂದು ಕಡ್ಡಿ ಮೈಕು, ಹೊಟ್ಟೆಯ ಮೇಲೆ ಸ್ಪೀಕರು.

"ಈ ಸಲ ಬರೋ ಹಡಗೊಂದು ನೋಡೋಣ ಅತ್ತೆ. ಹಿಂದುಗಡೆ ನಾನೇ ನಿಂತಿರ್ತೀನಿ. ಕೇಳಿಸ್ತಿಲ್ಲ ಅಂತ ಒಬ್ರಾದ್ರೂ ಅಂದ್ರೆ, ಬೇಜಾರು ಮಾಡ್ಕೋಬೇಡಿ, ಕೌಂಟರಿಗೆ ಬಂದ್ಬಿಡಿ" ಎಂದ.

"ಆಯ್ತು ಕಣೋ" ಎಂದು ಅವಳು ಪಿಸುಗುಟ್ಟಿದಳು. ಇನ್ನೇನು ಹೇಳಿಯಾಳು?

ಆ ಹಡಗು ಬಂದ ದಿನವೇ ಆಕಾಶ ಹರಿದು ಬಿತ್ತು.

ಬೆಳಗಿನಿಂದ ಮಳೆ ಮೇಲಿನಿಂದ ಬೀಳುವುದನ್ನು ಬಿಟ್ಟು ಅಡ್ಡಡ್ಡ ಬೀಸುತ್ತಿತ್ತು. ಛತ್ರಿ ಬಿಚ್ಚಿದವರ ಕೈಯಲ್ಲಿ ಬರಿಯ ಕಡ್ಡಿಗಳು ಉಳಿದವು. ಕಡಲ ಅಲೆಗಳು ತಡೆಗೋಡೆಗೆ ಅಪ್ಪಳಿಸಿ ಬೀದಿಗೆ ಎಗರುತ್ತಿದ್ದವು. ಹಡಗು ಬರುವುದಿಲ್ಲ ಎಂದೇ ಎಲ್ಲರೂ ಲೆಕ್ಕ ಹಾಕಿದ್ದರು. ಅದು ಮಾತ್ರ ಹಟ ಹಿಡಿದು ಬಂದೇಬಿಟ್ಟಿತು. ಅವಳ ಗಂಡ ಮತ್ತು ಜೊತೆಯವರು ತೊಪ್ಪೆಯಾಗಿ ಅದನ್ನು ಕಟ್ಟಿ ಹಾಕಿದರು. ಉಳಿದ ಗೈಡುಗಳು ಒಬ್ಬೊಬ್ಬರಾಗಿ ಕಚೇರಿಗೆ ಫೋನ್ ಮಾಡಿ ಕೆಮ್ಮಿದರು. ಕಹಳೆಯಕ್ಕ ಹಳೆಯ ರೈನ್‌ಕೋಟು ತೊಟ್ಟು, ಅದರ ಮೇಲೆ ಪೆಟ್ಟಿಗೆ ಬಿಗಿದುಕೊಂಡು ಹೊರಟಳು.

"ಇವತ್ತು ಬೇಡ ಕಣೇ. ನಿನ್ನ ಅಣ್ಣನ ಮಗ ಏನೂ ಅನ್ಕೊಳ್ಳಲ್ಲ" ಎಂದು ಗಂಡ ಹಡಗುಕಟ್ಟೆಯ ಮೇಲೆ ಅವಳನ್ನು ತಡೆದ.

"ಇವತ್ತು ಹೋಗ್ದಿದ್ರೆ ನಾನೇ ಅನ್ಕೊಳ್ತೀನಿ" ಎಂದಳು. ಗಾಳಿಗೆ ಅವನಿಗೆ ಅದು ಕೇಳಿಸಲಿಲ್ಲ. ಆದರೆ ಹೆಂಡತಿ ಗದ್ದ ಎತ್ತಿದ ರೀತಿ ನೋಡಿ ತೆಪ್ಪಗೆ ದಾರಿ ಬಿಟ್ಟ.

ಊರು ನೋಡಲು ಇಳಿದವರು ಬರೀ ಹನ್ನೊಂದು ಜನ. ಒಂದೇ ತರಹದ ಹಳದಿ ರೈನ್‌ಕೋಟು ತೊಟ್ಟ ಇಬ್ಬರು ವಯಸ್ಸಾದ ಅಕ್ಕತಂಗಿ ಎಲ್ಲರಿಗಿಂತ ಮುಂದೆ. ಪೊಲೀಸು ಕೆಲಸದಿಂದ ನಿವೃತ್ತರಾದ, ದಪ್ಪ ಮೀಸೆಯ ಒಬ್ಬರು ಎಲ್ಲರಿಗಿಂತ ಹಿಂದೆ. ನಡುವೆ ಉಳಿದವರು. ಎಲ್ಲರಿಗೂ ಕೊನೆಯಲ್ಲಿ, ಮುಖ ಸಣ್ಣ ಮಾಡಿಕೊಂಡು, ಮ್ಯಾನೇಜರ್.

ದೀಪಸ್ತಂಭದ ಬುಡದಲ್ಲಿ ಅವಳು ವಾಡಿಕೆಯಂತೆ ಕೈ ಎತ್ತಿ ಮೇಲಕ್ಕೆ ತೋರಿಸಿದಳು. ಎಲ್ಲರೂ ಕತ್ತೆತ್ತಿ ಮೋಡ ನೋಡಿದರು. ದೀಪಸ್ತಂಭದ ಮೊದಲ ಐದಾರು ಅಡಿ ಬಿಟ್ಟರೆ ಉಳಿದದ್ದನ್ನು ಮಂಜು ನುಂಗಿತ್ತು. ಕೋಟೆಗೋಡೆಯ ಕಡೆ ತೋರಿಸಿದಳು. ಕೋಟೆಯೂ ಇಲ್ಲ, ಗೋಡೆಯೂ ಇಲ್ಲ. ಪೆಟ್ಟಿಗೆ ಒಮ್ಮೆ ಕೀಚಲು ದನಿ ತೆಗೆಯಿತು, ಒಮ್ಮೆ ಗೊರಗುಟ್ಟಿತು, ಆಮೇಲೆ ಒಳಗೆ ನೀರು ಹೋಗಿ ಕಣ್ಣು ಮುಚ್ಚಿತು. ಕಹಳೆಯಕ್ಕ ಅದನ್ನು ತಟ್ಟಿದಳು, ಕುಲುಕಿದಳು, ಮನಸ್ಸಿನಲ್ಲೇ ಬೈದಳು.

"ಏನೂ ಕೇಳಿಸ್ತಿಲ್ಲಮ್ಮಾ!" ಎಂದು ಮೀಸೆಯವರು ಹಿಂದಿನಿಂದ ಗಂಟಲು ಹರಿದುಕೊಂಡರು.

ಆ ಒಂದು ಮಾತು ಮಾತ್ರ ಗಾಳಿಯನ್ನೂ ಸೀಳಿಕೊಂಡು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಅಣ್ಣನ ಮಗ ಜನರನ್ನು ದಾಟಿಕೊಂಡು ಮುಂದೆ ಬಂದ.

"ಸಾಕು ಅತ್ತೆ, ವಾಪಸ್ ಹೋಗೋಣ. ಈ ಮಳೇಲಿ ಯಾರ ಕೈಲೂ ಆಗಲ್ಲ. ನಿಮ್ಮ ತಪ್ಪೇನಿಲ್ಲ ಇದ್ರಲ್ಲಿ."

ತಪ್ಪೇನಿಲ್ಲ ಎಂದದ್ದೇ ತಪ್ಪಾಯಿತು. ಅವಳಿಗೆ ರೇಗಿಹೋಯಿತು. ಪೆಟ್ಟಿಗೆ ಬಿಚ್ಚಿ ಅವನ ಕೈಗೆ ತುರುಕಿ, ತಡೆಗೋಡೆಯ ಬೀದಿ ಹಿಡಿದು ಹೊರಟೇಬಿಟ್ಟಳು, ಹಿಮ್ಮುಖವಾಗಿ, ಜನರನ್ನು ಕೈಬೀಸಿ ಕರೆಯುತ್ತ.

ಜನ ನಾಲ್ಕು ಹೆಜ್ಜೆ ಬಂದು ನಿಂತರು. ಗಾಳಿ ನೇರ ಮುಖಕ್ಕೇ ಬಡಿಯುತ್ತಿತ್ತು; ಕಣ್ಣು ಬಿಡಲಾಗದೆ ಮೊಣಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಅವರೆಲ್ಲರ ಮುಖ ತೊಯ್ದು ಮುದ್ದೆಯಾಗಿದ್ದರೆ, ಅವಳ ಮುಖ ಮಾತ್ರ ಒಣಗಿಯೇ ಇತ್ತು. ಮಳೆಯೆಲ್ಲ ಬೀಳುತ್ತಿದ್ದದ್ದು ಅವಳ ಬೆನ್ನಿನ ಮೇಲೆ.

ನೇರ ಹೋಗಿ ಹಳದಿ ಕೋಟಿನ ಅಕ್ಕನ ಹೆಗಲು ಹಿಡಿದು ತಿರುಗಿಸಿದಳು. ತಂಗಿಯನ್ನೂ ತಿರುಗಿಸಿದಳು. ಒಬ್ಬರ ಕೈಚೀಲದ ಪಟ್ಟಿ ಇನ್ನೊಬ್ಬರ ಕೈಗೆ ಕೊಟ್ಟು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಬೆನ್ನು ಮುಂದು ಮಾಡಿ ನಿಲ್ಲಿಸಿದಳು. ಮೀಸೆಯವರು, "ಇದೇನ್ರೀ ಇದು, ಕವಾಯತು!" ಎಂದು ಗೊಣಗಿದರು, ಆದರೆ ತಿರುಗಿದ ಮೇಲೆ ಕಣ್ಣು ಬಿಟ್ಟು, "ಅರೆ!" ಎಂದರು. ಸಾಲಿನ ತುದಿಯವರ ಕೈ ಹಿಡಿದುಕೊಂಡು ಕಹಳೆಯಕ್ಕ ಮುಂದೆ ನಡೆದಳು. ಅವಳು ಮಾತ್ರ ಈಗ ಮುಮ್ಮುಖ. ದಾರಿ ತೋರಿಸಲು ಯಾರಾದರೂ ಒಬ್ಬರು ಮುಂದೆ ನೋಡಲೇಬೇಕಲ್ಲ. ಮುಖಕ್ಕೆ ಉಪ್ಪುನೀರು ರಪರಪ ಬಡಿಯಿತು. ಅವಳಿಗೆ ಅದೇಕೋ ಹಿತವಾಗಿಯೇ ಇತ್ತು.

ಹನ್ನೆರಡು ಜನ, ಅಂದರೆ ಮ್ಯಾನೇಜರನ್ನೂ ಸೇರಿಸಿ, ಹಿಂದು ಹಿಂದಕ್ಕೆ ನಡೆಯುತ್ತ ಬೀದಿಯಲ್ಲಿ ಸಾಗುವುದನ್ನು ಆ ಊರು ಎಂದೂ ಕಂಡಿರಲಿಲ್ಲ. ಗಾಜಿನ ಬಾಗಿಲು ಮುಚ್ಚಿಕೊಂಡು ಕೂತಿದ್ದ ಕ್ಷೌರದಂಗಡಿಯವನು, ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದ.

"ಅಕ್ಕಾ, ಇವರು ಊರಿಗೆ ಬರ್ತಿದ್ದಾರೋ, ಊರು ಬಿಟ್ಟು ಹೋಗ್ತಿದ್ದಾರೋ?"

ಸಾಲಿನಲ್ಲಿ ಮೊದಲು ನಕ್ಕವರು ಅಕ್ಕತಂಗಿ. ಆಮೇಲೆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡು ಮೀಸೆಯವರ ತನಕ ಹೋಯಿತು.

ಬೀದಿಯ ಕೊನೆಯಲ್ಲಿ ಕಂಡ ಮೊದಲ ತೆರೆದ ಬಾಗಿಲು ಲಾಂಡ್ರಿಯದು. ಹಡಗುಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಕಹಳೆಯಕ್ಕನ ತಾಯಿ ಬದುಕಿದ್ದಷ್ಟು ಕಾಲ ಅಲ್ಲೇ ದುಡಿದವಳು. ಆದರೂ ಇಷ್ಟು ವರ್ಷಗಳಲ್ಲಿ ಒಬ್ಬ ಪ್ರವಾಸಿಯನ್ನೂ ಅವಳು ಅಲ್ಲಿಗೆ ಕರೆತಂದಿರಲಿಲ್ಲ. ದೀಪಸ್ತಂಭ, ಕೋಟೆ ಇರುವಾಗ ಒಗೆಯುವ ಮನೆಯನ್ನು ಯಾರು ನೋಡುತ್ತಾರೆ?

ಕರೆಂಟು ಹೋಗಿ ಯಂತ್ರಗಳೆಲ್ಲ ಸುಮ್ಮನಾಗಿದ್ದವು. ಬಾಯ್ಲರಿನ ಬಿಸಿ ಮಾತ್ರ ಇನ್ನೂ ಆರಿರಲಿಲ್ಲ. ಗೋಡೆಯುದ್ದಕ್ಕೂ ಹಬೆಯ ಕೊಳವೆಗಳು, ಚಾವಣಿಯಿಂದ ಇಳಿಬಿದ್ದ ಸಾಲು ಸಾಲು ಬಿಳಿ ಹೊದಿಕೆಗಳು, ನಡುವೆ ಬಟ್ಟೆ ಮಡಚುವ ಉದ್ದನೆಯ ಮರದ ಮೇಜು. ಸೋಪಿನ ವಾಸನೆ, ಬೆಚ್ಚಗಿನ ಹತ್ತಿಯ ವಾಸನೆ. ನಾಲ್ಕಾರು ಹೆಂಗಸರು ಕೈಯಲ್ಲೇ ಮಡಚುತ್ತ ಕೂತಿದ್ದರು. ಲಾಂಡ್ರಿಯ ಯಜಮಾನಿ, "ಅಯ್ಯೋ, ಒಳಗೆ ಬನ್ನಿ, ಒಳಗೆ ಬನ್ನಿ" ಎಂದು ಎಲ್ಲರಿಗೂ ಒಂದೊಂದು ಒಣ ಟವೆಲು ಎಸೆದಳು.

"ಇದು ನಮ್ಮ ಹಡಗಿನ ಟವೆಲಲ್ವಾ?" ಎಂದು ತಂಗಿ ಅಂಚಿನ ಗುರುತು ನೋಡಿ ಕಣ್ಣರಳಿಸಿದಳು.

ಹೌದು. ಹಡಗು ಕಟ್ಟಿದ ಕೂಡಲೇ ಮೊದಲು ಇಳಿಯುವುದು ಮನುಷ್ಯರಲ್ಲ, ಮಾಸಿದ ಬಟ್ಟೆಯ ಗಂಟು. ಕಹಳೆಯಕ್ಕ ಅದನ್ನು ಹೇಳಲು ಬಾಯಿ ತೆರೆದಳು. ಬಂದದ್ದು ಪಿಸುಮಾತು. ಅಕ್ಕತಂಗಿ ತಲೆ ಬಗ್ಗಿಸಿದರು. ಹಿಂದಿದ್ದವರು ಏನಂತೆ ಏನಂತೆ ಎಂದು ಮೇಜಿಗೆ ಒತ್ತಿಕೊಂಡು ಬಂದರು. ಮೇಜಿನ ಸುತ್ತ ನಿಂತ ಮೇಲೆ ಮುಂದಿನ ಸಾಲು ಯಾವುದು, ಹಿಂದಿನ ಸಾಲು ಯಾವುದು?

"ಬೆಳಿಗ್ಗೆ ಗಂಟು ಬಿಚ್ಚಿದಾಗ ಇವರಿಗೆಲ್ಲಾ ಗೊತ್ತಾಗುತ್ತೆ" ಎಂದು ಅವಳು ಪಿಸುಗುಟ್ಟಿದಳು. "ಯಾರು ನಿದ್ದೇಲಿ ಹೊರಳಾಡ್ತಾರೆ, ಯಾರಿಗೆ ಮನೆ ನೆನಪಾಗಿ ದಿಂಬು ಒದ್ದೆಯಾಗಿದೆ, ಎಲ್ಲಾ."

"ಯಾರು ಹಾಸಿಗೇಲಿ ಕೂತು ಬಿಸ್ಕತ್ತು ತಿಂತಾರೆ ಅನ್ನೋದೂ" ಎಂದು ಯಜಮಾನಿ ಸೇರಿಸಿದಳು, ಅವಳೂ ಪಿಸುಮಾತಿನಲ್ಲೇ.

ಮೀಸೆಯವರು ಚಾವಣಿಯನ್ನು ತುಂಬ ಆಸಕ್ತಿಯಿಂದ ನೋಡತೊಡಗಿದರು. "ಅದು… ರಾತ್ರಿ ಹಸಿವಾಗುತ್ತೆ" ಎಂದು ಕೊನೆಗೆ ಪಿಸುಗುಟ್ಟಿದರು.

ಪಿಸುಮಾತಿನ ಗುಣವೇ ಅಂಥದ್ದು. ಒಬ್ಬರು ಶುರು ಮಾಡಿದರೆ ಎದುರಿನವರ ದನಿಯೂ ತಾನಾಗಿ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಕೋಣೆ ಗುಟ್ಟು ಮಾತಾಡುತ್ತಿತ್ತು. ಹಿತ್ತಿಲಿನಿಂದ ಬಕೆಟ್ಟು ಹಿಡಿದು ಬಂದ ಇನ್ನೊಬ್ಬ ಕೆಲಸದಾಕೆ ಈ ದೃಶ್ಯ ಕಂಡು ಬಾಗಿಲಲ್ಲೇ ನಿಂತಳು. ಬಕೆಟ್ಟನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಯಜಮಾನಿಯ ಕಿವಿಗೆ ಬಾಯಿಟ್ಟು, "ಯಾರು ಹೋಗ್ಬಿಟ್ರಕ್ಕಾ?" ಎಂದಳು. ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

ನಗು ನಿಂತ ಮೇಲೆ ಕಹಳೆಯಕ್ಕ ಮೇಜಿನ ಮೇಲೆ ಕೈಯಿಟ್ಟಳು. ಜೋರು ದನಿ ಇದ್ದಾಗ ಅವಳು ಇಸವಿ, ಅಳತೆ, ಫಿರಂಗಿ ಎಂದು ನೀರು ಕುಡಿದ ಹಾಗೆ ಹೇಳಿಬಿಡುತ್ತಿದ್ದಳು. ಈಗ ಒಂದೊಂದು ಮಾತಿಗೂ ಉಸಿರು ಖರ್ಚು. ಹಾಗಾಗಿ ಹೇಳಲೇಬೇಕಾದದ್ದನ್ನು ಮಾತ್ರ ಹೇಳಿದಳು.

"ನಾನಿನ್ನೂ ಚಿಕ್ಕವಳು. ಇಂಥದ್ದೇ ಗಾಳಿ. ಒಂದು ಮಧ್ಯಾಹ್ನ ಕಡಲು ಗೋಡೆ ಹಾರಿ ಈ ಬೀದಿಗೆ ಬಂತು. ನಮ್ಮಮ್ಮ, ಇಲ್ಲಿನ ಹೆಂಗಸರು ನಾವೆಲ್ಲ ಮಹಡಿಗೆ ಓಡಿದ್ವಿ. ಕೆಳಗೆ ಬೀದೀಲಿ ಒಬ್ಬ ಹುಡುಗ. ಸ್ಕೂಲಿಂದ ಬರ್ತಿದ್ದವನು, ಬೀದಿದೀಪದ ಕಂಬ ತಬ್ಬಿ ನಿಂತಿದ್ದ. ನೀರು ಎದೆವರೆಗೆ."

ಅವಳು ಉಸಿರು ತೆಗೆದುಕೊಳ್ಳಲು ನಿಂತಳು.

"ನಮ್ಮಮ್ಮ ಹಡಗಿನ ಹೊದಿಕೆಗಳನ್ನ ಒಂದಕ್ಕೊಂದು ಗಂಟು ಹಾಕಿ ಕಿಟಕಿಯಿಂದ ಎಸೆದಳು. ಎಸೆದಳು, ಎಳ್ಕೊಂಡಳು, ಮತ್ತೆ ಎಸೆದಳು. ಕಡೆಗೂ ಅವನ ಕೈಗೆ ಒಂದು ಮೂಲೆ ಸಿಕ್ತು. ಎಲ್ರೂ ಸೇರಿ ಎಳೆದ್ವಿ. ಒಳಗೆ ಬಂದ ಮೇಲೂ ಅವನು ಆ ಮೂಲೆ ಬಿಡ್ಲಿಲ್ಲ. ಬೆರಳು ಬಿಡಿಸೋಕೆ ಆಗ್ಲಿಲ್ಲ. ದೊಡ್ಡವನಾದ, ಮದುವೆ ಆದ, ಮಕ್ಕಳಾದ್ವು. ಸಾಯೋ ತನಕ ಹೊದಿಕೆ ಮೂಲೇನ ಮುಷ್ಟೀಲಿ ಹಿಡ್ಕೊಂಡೇ ಮಲಗ್ತಿದ್ದ."

ಬಾಗಿಲಿಗೆ ಒರಗಿ ನಿಂತಿದ್ದ ಮ್ಯಾನೇಜರ್ ಕೈಯಿಂದ ಸತ್ತ ಪೆಟ್ಟಿಗೆ ಜಾರಿತು. ಅವನು ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದ. ಅಪ್ಪ ಹಾಗೆ ಮಲಗುವುದನ್ನು ಅವನು ದಿನಾ ನೋಡಿದ್ದ. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಹೊದಿಕೆ ಹಿಡಿದುಕೊಳ್ಳುತ್ತಾನೆ ಎಂದು ಹೇಳಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದವನೇ ಅವನು. ಅಪ್ಪನೂ ಅವರ ಜೊತೆ ನಗುತ್ತಿದ್ದ, ಕಾರಣ ಮಾತ್ರ ಹೇಳಿರಲಿಲ್ಲ.

"ಅದು ಅಪ್ಪನಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ, ಇಷ್ಟು ವರ್ಷ?"

"ಕೂಗಿ ಹೇಳೋ ಮಾತೇನೋ ಅದು?" ಎಂದಳು ಕಹಳೆಯಕ್ಕ. "ನನಗಾಗ ಮೆಲ್ಲಗೆ ಮಾತಾಡೋಕೆ ಬರ್ತಾ ಇರ್ಲಿಲ್ಲವಲ್ಲಪ್ಪ."

ಅವನು ಅತ್ತೆಯ ಕೈ ಹಿಡಿದುಕೊಂಡು ಅತ್ತ. ಪರವೂರಿನ ಜನರ ನಡುವೆ, ಮ್ಯಾನೇಜರ್ ಎಂಬ ಬಿಲ್ಲೆ ಎದೆಯ ಮೇಲೆ ತೂಗುತ್ತಿರುವಾಗಲೇ, ಅತ್ತುಬಿಟ್ಟ. ಯಾರೂ ತಮಾಷೆ ಮಾಡಲಿಲ್ಲ. ಮೀಸೆಯವರು ತಮ್ಮ ಟವೆಲನ್ನು ಅವನಿಗೆ ದಾಟಿಸಿದರು.

ಗಾಳಿ ಇನ್ನೂ ಬಲವಾಗುವ ಸೂಚನೆ ಇದ್ದದ್ದರಿಂದ ಹಡಗು ಬೇಗನೆ ಕೂಗು ಹಾಕಿತು. ಹಿಂತಿರುಗುವಾಗ ಗಾಳಿ ಬೆನ್ನಿಗಿತ್ತು. ನಡೆಯುವ ಕೆಲಸವನ್ನೆಲ್ಲ ಅದೇ ಮಾಡಿಕೊಟ್ಟಿತು. ಹಡಗಿನ ಏಣಿಯ ಬಳಿ ಹಳದಿ ಕೋಟಿನ ಅಕ್ಕ ಅವಳನ್ನು ತಬ್ಬಿಕೊಂಡಳು. ಎಲ್ಲರೂ ಹತ್ತಿದ ಮೇಲೆ ಗಂಡ ಹಗ್ಗ ಬಿಚ್ಚುತ್ತ, "ಹೇಗಾಯ್ತೇ?" ಎಂದು ಕೈಸನ್ನೆಯಲ್ಲಿ ಕೇಳಿದ. ಅವಳು ಅಣ್ಣನ ಮಗನ ಕಡೆ ನೋಡಿದಳು. ಉತ್ತರ ಅವನ ಹತ್ತಿರ ಇತ್ತು.

ಕಚೇರಿಯಲ್ಲಿ ಇಬ್ಬರೂ ಒದ್ದೆ ಬಟ್ಟೆಯಲ್ಲೇ ಕೂತರು.

"ಮುಂದಿನ ಹಡಗಿಗೂ ನೀವೇ ಹೋಗಿ ಅತ್ತೆ" ಎಂದ ಅವನು.

ಅವಳು ಖುಷಿಯಿಂದ ಕುಣಿಯಲಿಲ್ಲ. "ಬಿಸಿಲಿದ್ರೆ?" ಎಂದಳು.

ಅವನಿಗೆ ಅರ್ಥವಾಯಿತು. ಬಿರುಗಾಳಿಯಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಾರೆ, ಬೆಚ್ಚಗಿನ ಕೋಣೆಯಲ್ಲಿ ತಲೆಗೆ ತಲೆ ತಾಗಿಸಿ ಕೇಳುತ್ತಾರೆ. ಬಿಸಿಲಲ್ಲಿ ನೋಡಲು ನೂರು ವಸ್ತು ಇರುವಾಗ ಪಿಸುಮಾತಿಗೆ ಯಾರು ಕಿವಿ ಕೊಡುತ್ತಾರೆ? ಅವನು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅತ್ತೆ. ಒಂದ್ಸಲ ನೋಡೋಣ" ಎಂದ.

ಮುಂದಿನ ಹಡಗು ಬಂದ ದಿನ ಬಿಸಿಲೋ ಬಿಸಿಲು. ದೀಪಸ್ತಂಭ ತುದಿಯ ತನಕ ಕಾಣುತ್ತಿತ್ತು, ಕೋಟೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಡಲು ಏನೂ ಅರಿಯದವರ ಹಾಗೆ ಬಿದ್ದುಕೊಂಡಿತ್ತು. ಇಳಿದವರು ಮೂವತ್ತಕ್ಕೂ ಹೆಚ್ಚು ಜನ. ಒಬ್ಬರು ಫೋಟೋ ತೆಗೆಯುತ್ತಿದ್ದರು, ಒಬ್ಬರು ಫೋನಿನಲ್ಲಿ ಯಾರಿಗೋ ಕಡಲು ತೋರಿಸುತ್ತಿದ್ದರು, ಉಳಿದವರು ದಿಕ್ಕಿಗೊಬ್ಬರಾಗಿ ಹರಡಿಕೊಂಡಿದ್ದರು. ಕಹಳೆಯಕ್ಕ ಬಾಯಿ ತೆರೆದಳು. ಯಾರೂ ತಿರುಗಿ ಸಹ ನೋಡಲಿಲ್ಲ.

"ಕೇಳಿಸ್ತಾ ಇಲ್ವಲ್ರೀ" ಎಂದರು ಹಿಂದಿನವರೊಬ್ಬರು.

ಎಲ್ಲರಿಗೂ ಹಿಂದೆ ನಿಂತಿದ್ದ ಮ್ಯಾನೇಜರ್, ಹತ್ತಿರ ಬನ್ನಿ ಎಂದು ಜನರನ್ನು ಕೂಗಿ ಕರೆಯಲು ಕೈಯನ್ನು ಬಾಯಿಗೆ ಅಡ್ಡ ಇಟ್ಟ. ಅವಳು ದೂರದಿಂದಲೇ ಬೇಡವೆಂದು ಸನ್ನೆ ಮಾಡಿದಳು. ಆ ಗಾಜಿನ ಹಿಂದಿನ ಕುರ್ಚಿ ಕಣ್ಣಿಗೆ ಕಟ್ಟಿತು. ಹೋಗಿ ತಡೆಗೋಡೆಯ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಕಾಲುನೋವಿಗೆ ಕೂತಿದ್ದ ಒಬ್ಬಾಕೆಯ ಕಡೆ ಬಾಗಿ, ಅವಳೊಬ್ಬಳಿಗೇ ಹೇಳತೊಡಗಿದಳು.

ಆಕೆ ಮೊದಲು ತಲೆದೂಗಿದಳು. ಆಮೇಲೆ, "ಹೌದಾ! ಆಮೇಲೆ?" ಎಂದು ಕಣ್ಣು ಬಾಯಿ ಬಿಟ್ಟಳು. ಪಕ್ಕದಲ್ಲೇ ಒಬ್ಬರ ಕಿವಿಯಲ್ಲಿ ಕತೆ ನಡೆಯುತ್ತಿರುವಾಗ ನಮಗದು ಕೇಳಿಸದಿದ್ದರೆ ಯಾರಿಗೆ ತಾನೇ ತಡೆದೀತು? ಆಕೆಯ ಗಂಡ, "ಏನಂತೆ?" ಎಂದು ಬಗ್ಗಿದ. ಫೋಟೋ ತೆಗೆಯುತ್ತಿದ್ದವನು ಕ್ಯಾಮರಾ ಇಳಿಸಿ ಬಂದ. ಅವನು ಯಾಕೆ ಹೋದ ಎಂದು ಅವನ ಹಿಂದೆ ನಾಲ್ಕು ಜನ ಬಂದರು. ಕೆಲವರು ನೆಲದ ಮೇಲೇ ಕೂತರು, ಕೆಲವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಬಾಗಿದರು. ಆ ತೆರೆದ ಬಯಲಿನಲ್ಲಿ, ಅಷ್ಟು ಬಿಸಿಲಿನಲ್ಲಿ, ಅವಳ ಸುತ್ತ ಒಂದು ಕೋಣೆಯಾಯಿತು.

ಕಹಳೆಯಕ್ಕ ತಲೆಯೆತ್ತಿದಾಗ ಮ್ಯಾನೇಜರ್ ಹಿಂದೆ ಇರಲಿಲ್ಲ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ಇಬ್ಬರು ಅಪರಿಚಿತರ ನಡುವೆ ತೂರಿಕೊಂಡು, ಅವಳ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಕಿವಿ ಚಾಚಿದ್ದ. ಅವಳು ಅವನ ಅಪ್ಪ ಸ್ಕೂಲಿನಿಂದ ಬರುತ್ತಿದ್ದ ಮಧ್ಯಾಹ್ನದ ಕತೆಯನ್ನು ಮೊದಲಿನಿಂದ ಶುರು ಮಾಡಿದಳು.